ನಡೆಯದ ಆಟದ ಪೋಸ್ಟರ್

ಒಂದು ಹಳೇ ಸರ್ಕಸ್ ಪೋಸ್ಟರ್... ಎಂಟು ಲಕ್ಷ.

ಅದನ್ನು ಹುಡುಕಿಕೊಟ್ಟರೆ ನನ್ನ ಕಮಿಷನ್... ಎಂಬತ್ತು ಸಾವಿರ.

ನನ್ನ ಬಲಗೈ ಹೆಬ್ಬೆರಳು... ಬಿಟ್ಟಿ!

ಆ ಬಿಟ್ಟಿ ಹೆಬ್ಬೆರಳು ಈಗ ಗುಂಡಿ ಕಾರ್ಖಾನೆಯ ತೂತು ಹೊಡೆಯುವ ಯಂತ್ರದ ಕೆಳಗಿತ್ತು. ಮೇಲೆ ನಾಲ್ಕು ಉಕ್ಕಿನ ಮೊನೆ. ಅಂಗಿ ಗುಂಡಿಗೆ ನಾಲ್ಕು ತೂತು ಇರುತ್ತದಲ್ಲ, ಆ ಲೆಕ್ಕ.

"ಪೋಸ್ಟರ್ ಎಲ್ಲಿ?" ಎಂದ ಸಾಹುಕಾರ.

"ಯಾವ ಪೋಸ್ಟರ್?"

"ಬೆರಳಿಗೆ ತೂತು ಹೊಡೆದು ನನ್ನ ಕೋಟ್‌ಗೆ ಹೊಲಿಸ್ಕೋತೀನಿ!"

"ಬಣ್ಣ ಮ್ಯಾಚ್ ಆಗಲ್ಲ ಸಾರ್."

ಅವನ ಭಾಮೈದ ಕಿಸಕ್ಕನೆ ನಕ್ಕ. ಸಾಹುಕಾರ ತಿರುಗಿ ನೋಡಿದ. ನಗು ನಿಂತಿತು.

ಸಾಹುಕಾರ ಗುಂಡಿ ಮಾರಿ ದುಡ್ಡು ಮಾಡಿದವನು. ಆ ದುಡ್ಡಿನಲ್ಲಿ ಹಳೇ ಸರ್ಕಸ್ ಪೋಸ್ಟರ್, ಮ್ಯಾಜಿಕ್ ಶೋ ಟಿಕೆಟ್, ಬೊಂಬೆಯಾಟದ ಕರಪತ್ರ ಕೂಡಿಹಾಕುವವನು. ಭಾಮೈದ ಅವನ ಹೆಂಡತಿಯ ತಮ್ಮ. ದೇವರು ಅವನಿಗೆ ಭುಜ ಕೊಡುವ ಗಡಿಬಿಡಿಯಲ್ಲಿ ಉಳಿದದ್ದನ್ನು ಮರೆತಿದ್ದ. ನಾನು? ಇಂಥವರಿಗೆ ಕಾಗದ ಹುಡುಕಿಕೊಡುವವನು.

ಈ ಪೋಸ್ಟರ್ ಅಂಗಡಿ ಕಿಟಕಿಗೆ ಅಂಟಿಸುತ್ತಿದ್ದ ಜಾತಿಯದು. ಕ್ಯಾಲೆಂಡರಿನಷ್ಟು ದೊಡ್ಡದು. ಫಿರಂಗಿಯ ಬಾಯಿಂದ ಹಾರುವ ಹುಡುಗಿ, ಹಿಂದೆ ಬತ್ತಿ ಹಚ್ಚುವ ಮೀಸೆಯವನು. ಸರ್ಕಸ್ಸಿನವರು ಚಿತ್ರವನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಿಕೊಂಡು, ಊರು ಬದಲಾದಂತೆ ಕೆಳಗೆ ತಾರೀಖಿನ ಚೀಟಿ ಮಾತ್ರ ಅಂಟಿಸುತ್ತಿದ್ದರು. ಬೆಲೆ ಇರುವುದು ಚಿತ್ರಕ್ಕಲ್ಲ, ಚೀಟಿಗೆ!

ಈ ಚೀಟಿಯ ದಿನ ಆಟವೇ ನಡೆಯಲಿಲ್ಲ. ಮಳೆಗೆ ಫಿರಂಗಿಯ ಮದ್ದು ನೆನೆದು ಟುಸ್ಸೆಂದಿತು. ಮ್ಯಾನೇಜರ್ ಊರಿನ ಪೋಸ್ಟರ್‌ಗಳಿಗೆಲ್ಲ ಹೊಸ ತಾರೀಖು ಮೆತ್ತಿಸಿದ. ಒಂದು ಮಾತ್ರ ಹೇಗೋ ಉಳಿಯಿತು.

ನಡೆದ ಆಟದ ಪೋಸ್ಟರಿಗೆ ಐನೂರು. ನಡೆಯದ ಆಟದ್ದಕ್ಕೆ ಎಂಟು ಲಕ್ಷ! ಈ ಜನದ ತಲೆ ಹೇಗೆ ಓಡುತ್ತದೆ ಎಂದು ನನ್ನನ್ನು ಕೇಳಬೇಡಿ. ಅದು ಓಡುವುದರಿಂದಲೇ ನನ್ನ ಒಲೆ ಉರಿಯುತ್ತದೆ.

ಆ ಪೋಸ್ಟರನ್ನು ಪತ್ತೆ ಹಚ್ಚಿದವನು ನಾನೇ. ಮೂರನೇ ಮಹಡಿಯ ಮನೆ. ಅಡುಗೆಮನೆ ಗೋಡೆ. ಒಲೆಯ ಪಕ್ಕ. ಮನೆಯಾಕೆ ಆ ಚಿತ್ರದ ಹುಡುಗಿಯೇ... ಈಗ ತಲೆತುಂಬ ಬಿಳಿ ಕೂದಲು.

"ಅಜ್ಜೀ, ಆ ಪೋಸ್ಟರ್..."

"ಇನ್ನೊಂದ್ ಸಲ ಅಜ್ಜಿ ಅಂದ್ರೆ ಫಿರಂಗಿಗೆ ತುಂಬ್ತೀನಿ. ಅಕ್ಕ ಅನ್ನು."

"ಅಕ್ಕಾ, ಎಂಟು ಲಕ್ಷ."

"ಕೊಡಲ್ಲ."

"ಯಾಕಕ್ಕಾ?"

ಆಕೆ ಮೀಸೆಯವನ ಕಡೆ ಬೆರಳು ಮಾಡಿದರು. "ನಮ್ಮನೆಯವ್ರು. ಸರ್ಕಸ್ಸಲ್ಲಿ ರಜೆ ಅಂತ ನಾವು ಕಂಡಿದ್ದು ಆಟ ನಿಂತ ಅವತ್ತೊಂದೇ ದಿನ. ಓಡಿಹೋಗಿ ಮದುವೆ ಆಗಿಬಂದ್ವಿ. ಮದುವೆ ಫೋಟೋ ಇದೇ, ಲಗ್ನಪತ್ರಿಕೆನೂ ಇದೇ. ಈಗ ಅವ್ರೂ ಇಲ್ಲ."

ನಾನು ಎದ್ದೆ.

"ಏಯ್, ಕಾಗದದವನಲ್ವಾ ನೀನು? ಜಿರಳೆ ಅಂಚು ತಿಂತಾ ಇದೆ. ಹಬೆಗೆ ಬೇರೆ ಮುದುರ್ತಾ ಇದೆ. ಏನಾದ್ರೂ ದಾರಿ ಇದ್ರೆ ಹೇಳಪ್ಪಾ."

ದಾರಿ ಇತ್ತು. ಹೇಳಲಿಲ್ಲ. ನನ್ನ ಕಸುಬಿನವರ ಬಾಯಲ್ಲಿ ಬರುವ ಮಾತಲ್ಲ ಅದು.

ಸಾಹುಕಾರನಿಗೆ ಫೋನ್ ಮಾಡಿದೆ. "ಮಾರಲ್ಲವಂತೆ."

"ಹಾಗಾದ್ರೆ ಕೇಳೋದೇ ಬೇಡ ಬಿಡು," ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಮನೆಯ ವಿಳಾಸ ಅವನಿಗೆ ಮೊದಲೇ ಹೇಳಿಬಿಟ್ಟಿದ್ದೆ.

ನಾನೇನು ಸಂತನಲ್ಲ. ಚೌಕಾಸಿ ಮಾಡುತ್ತೇನೆ, ಸುಳ್ಳು ಹೇಳುತ್ತೇನೆ. ಕದಿಯುವುದಿಲ್ಲ. ಮರುದಿನ ಬೆಳಿಗ್ಗೆ ಆಕೆಯ ಮನೆಗೆ ಓಡಿದೆ. ಬಾಗಿಲು ಹಾರುಹೊಡೆದಿತ್ತು. ಭಾಮೈದ ಆಗಲೇ ಸ್ಟೂಲ್ ಹತ್ತಿ ಕೊನೆಯ ಮೊಳೆ ಕೀಳುತ್ತಿದ್ದ!

ಅಕ್ಕ ಕೂಗಲಿಲ್ಲ. ಸ್ಟೂಲಿನ ಕಾಲು ಹಿಡಿದು ಎಳೆದರು. ಅಷ್ಟೇ.

ಧಡ್!

"ಬಲೆ ಇಲ್ಲದೆ ಬೀಳೋದನ್ನ ಕಲಿತಿಲ್ಲ ನೀನು," ಎಂದರು ಶಾಂತವಾಗಿ. ಭಾಮೈದನ ಒಂದು ಹಲ್ಲು ಒಲೆಯ ಕೆಳಗೆ ಉರುಳಿತು.

ಪೋಸ್ಟರ್ ನನ್ನ ಕೈಗೆ ಬಂತು.

"ಓಡು ತಮ್ಮಾ!"

ಓಡಿದೆ! ಮೆಟ್ಟಿಲು... ಗಲ್ಲಿ... ಲಾಂಡ್ರಿಯ ಒದ್ದೆ ಬೆಡ್‌ಶೀಟುಗಳ ನಡುವೆ... ಬಸ್ಸಿನ ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳಿದೆ. ಹಿಂದೆ ಭಾಮೈದ, ಬಾಯಿಗೆ ಕರ್ಚೀಫು ಒತ್ತಿಕೊಂಡು!

ಓಡುತ್ತಲೇ ಯೋಚಿಸಿದೆ. ಇವತ್ತು ಉಳಿಸಿದರೆ ನಾಳೆ ಬರುತ್ತಾನೆ. ಈ ಕಾಗದಕ್ಕೆ ಎಂಟು ಲಕ್ಷ ಬೆಲೆ ಇರುವವರೆಗೂ ಆಕೆಗೆ ನೆಮ್ಮದಿಯಿಲ್ಲ.

ಎದುರಿಗೆ ಒಂದು ಝೆರಾಕ್ಸ್ ಅಂಗಡಿ. ನುಗ್ಗಿದೆ. ಅಲ್ಲಿ ಏನಾಯಿತು ಎಂದು ಆಮೇಲೆ ಹೇಳುತ್ತೇನೆ.

ಹೊರಗೆ ಬಂದೆ. ಭಾಮೈದನ ತೋಳಿಗೇ ಬಿದ್ದೆ!

ಹಾಗೆ ನನ್ನ ಹೆಬ್ಬೆರಳು ಯಂತ್ರದ ಕೆಳಗೆ ಸೇರಿತು.

"ಕೊನೇ ಸಲ ಕೇಳ್ತೀನಿ," ಎಂದ ಸಾಹುಕಾರ. ಅವನ ಕಾಲು ಪೆಡಲ್ ಮೇಲೆ. "ಎಲ್ಲಿ?"

"ಅಂಗಿ ಒಳಗೆ. ಹೊಟ್ಟೆಗೆ ಸುತ್ಕೊಂಡಿದೀನಿ."

"ಭಾವ, ನಾನು ಚೀಲ ಮಾತ್ರ ನೋಡಿದ್ದೆ!" ಎಂದ ಭಾಮೈದ. ಹಲ್ಲು ಹೋದ ಜಾಗದಿಂದ ಗಾಳಿ ಬಂತು.

"ಬಿಚ್ಚೋ!"

"ನಿಧಾನ ಸಾರ್. ನಿಮ್ಮ ಕಂಪನಿ ಗುಂಡಿ, ಬೇಗ ಕಿತ್ತೋಗತ್ತೆ."

ಸಾಹುಕಾರ ಬಿಳಿ ಕೈಗವಸು ತೊಟ್ಟ. ಉಸಿರು ಬಿಗಿಹಿಡಿದು ಪೋಸ್ಟರ್ ಬಿಡಿಸಿದ.

ಪರಪರ ಎಂದಿತು.

ಹಳೇ ಕಾಗದ ಹಾಗೆ ಸದ್ದು ಮಾಡುವುದಿಲ್ಲ. ಅದು ಅವನಿಗೂ ಗೊತ್ತು.

"ಇದು... ಇದೇನಿದು?"

"ಲ್ಯಾಮಿನೇಶನ್!"

ಅವನು ಕುಸಿದು ಕೂತ. ಅಪ್ಪ ಸತ್ತಾಗಲೂ ಅವನ ಮುಖ ಹಾಗಾಗಿರಲಿಕ್ಕಿಲ್ಲ.

"ಬಿಡಿಸೋಕಾಗತ್ತಾ?"

"ಬಿಡಿಸಿದ್ರೆ ಪ್ಲಾಸ್ಟಿಕ್ ಜೊತೆ ಚಿತ್ರನೂ ಕಿತ್ತು ಬರತ್ತೆ. ಚೀಟಿನೂ ಬರತ್ತೆ. ಅಂಗಡಿಯಮ್ಮ ಮೊದಲೇ ಹೇಳಿದ್ಲು, 'ಅಣ್ಣಾ, ಹಳೇ ಕಾಗದ, ಆಮೇಲೆ ನನ್ನ ಬೈಬೇಡಿ' ಅಂತ. ಎರಡೂ ಕಡೆ ಹಾಕಮ್ಮಾ ಅಂದೆ."

"ಚೆನ್ನಾಗೇ ಇದ್ಯಲ್ಲ ಭಾವ," ಎಂದ ಭಾಮೈದ. "ಮಿಂಚ್ತಾ ಇದೆ!"

"ಬಾಯ್ಮುಚ್ಚೋ!" ಸಾಹುಕಾರನ ಕಾಲು ಮತ್ತೆ ಪೆಡಲ್ ಹುಡುಕಿತು. "ನಿನ್ನ ಹೆಬ್ಬೆರಳು..."

"ಒತ್ತಿ ಸಾರ್. ಆಮೇಲೆ ನಿಮ್ಮ ಸಂಗ್ರಾಹಕರ ಕ್ಲಬ್ಬಿಗೆ ಹೋಗಿ ಹೇಳ್ತೀನಿ... ಇದನ್ನ ಲ್ಯಾಮಿನೇಟ್ ಮಾಡ್ಸಿದ್ದು ನೀವು ಅಂತ."

ಅವನ ಮುಖದ ರಕ್ತ ಇಳಿಯಿತು. ಕಳ್ಳತನವನ್ನು ಆ ಕ್ಲಬ್ಬಿನವರು ಕ್ಷಮಿಸುತ್ತಾರೆ. ಮೆಚ್ಚಿದರೂ ಮೆಚ್ಚಿಯಾರು. ಲ್ಯಾಮಿನೇಶನ್? ಜನ್ಮದಲ್ಲಿ ಇಲ್ಲ!

ಕಾಲು ಪೆಡಲಿನಿಂದ ಮೆಲ್ಲಗೆ ಹಿಂದೆ ಸರಿಯಿತು.

"ತಗೊಂಡು ಹೋಗು ಆಚೆ! ನನ್ನ ಕಣ್ಣಿಗೆ ಬೀಳಬಾರದು ಅದು!"

ಮಧ್ಯಾಹ್ನ ಅಕ್ಕನ ಅಡುಗೆಮನೆಯಲ್ಲಿ ಸ್ಟೂಲ್ ಹತ್ತಿದೆ. ಈ ಸಲ ಆಕೆ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇನ್ಮೇಲೆ ಇದಕ್ಕೆ ನಯಾಪೈಸೆ ಬೆಲೆ ಇಲ್ಲ ಅಕ್ಕಾ. ಬೇಜಾರಾ?"

ಆಕೆ ಒದ್ದೆ ಬಟ್ಟೆ ತಂದು ಗಂಡನ ಮೀಸೆಯ ಮೇಲಿನ ನನ್ನ ಬೆವರಿನ ಜಿಡ್ಡು ಒರೆಸಿದರು. ತಾರೀಖನ್ನೂ ಒರೆಸಿದರು. ಅದು ಹೋಗಲಿಲ್ಲ. ಇನ್ನೊಮ್ಮೆ ಒರೆಸಿ ನೋಡಿದರು.

"ನಿನ್ನೆನೇ ಹೇಳೋಕೇನಾಗಿತ್ತೋ ನಿಂಗೆ ರೋಗ?" ಎಂದು ಬೈದು ಟೀ ಇಟ್ಟರು.

ಹೋದದ್ದು... ಒಬ್ಬ ಗಿರಾಕಿ, ಎಂಬತ್ತು ಸಾವಿರ ಕಮಿಷನ್, ಮತ್ತು ಲ್ಯಾಮಿನೇಶನ್ನಿಗೆ ನನ್ನ ಜೇಬಿನ ನಲವತ್ತು ರೂಪಾಯಿ.

ಉಳಿದದ್ದು ಒಂದು ಹೆಬ್ಬೆರಳು. ಅದೂ ಮೊದಲಿಂದ ನನ್ನದೇ!