ಪಟ್ಟಿಯ ಹನ್ನೆರಡನೆಯ ಹೆಸರು

ತಾಲೂಕು ಕಚೇರಿಯ ಕಿಟಕಿಯ ಪಕ್ಕ ಫೈಲು ಹಿಡಿದು ಕುಳಿತವನನ್ನು ಕ್ಲರ್ಕ್ ಎಂದೇ ತಿಳಿದು ಮೇಘಾ ಕಾಲೇಜಿನ ಪತ್ರ ಕೊಟ್ಟಳು. ಬಿ.ಎ. ಕೊನೆಯ ಸೆಮಿಸ್ಟರಿಗೆ ಇಂಟರ್ನ್‌ಶಿಪ್ ಆಗಲೇಬೇಕು. ಅದಕ್ಕಾಗಿ ಆಗಲೇ ನಾಲ್ಕು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದಿದ್ದಳು.

ಅವನು ಪತ್ರವನ್ನು ಗಂಭೀರವಾಗಿ ಓದಿದ. “ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ನನಗೂ ಇನ್ನಾ ಯಾರೂ ಕೆಲಸ ಕೊಟ್ಟಿಲ್ಲ,” ಎಂದು ತನ್ನ ಕಾಲೇಜಿನ ಪತ್ರವನ್ನೂ ಅದರ ಪಕ್ಕಕ್ಕಿಟ್ಟ. ಅವನೂ ಇಂಟರ್ನ್‌ಶಿಪ್ಪಿಗೇ ಬಂದಿದ್ದ, ನರೇಗಲ್ಲಿನ ಸಿದ್ದರಾಮೇಶ.

ಎರಡು ವರ್ಷಗಳಲ್ಲಿ ಮೇಘಾ ಬಾಯ್ತುಂಬ ನಕ್ಕಿದ್ದು ಅವತ್ತೇ.

ಶಿರಸ್ತೇದಾರ ಅರ್ಜುನಪ್ಪ ಇಬ್ಬರನ್ನೂ ಸೇರಿಸಿಕೊಂಡರು. ಪಿಂಚಣಿ ಪಡೆಯುವವರ ಮನೆಗೆ ಹೋಗಿ, ನಾಲ್ಕು ಪ್ರಶ್ನೆ ಕೇಳಿ, ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆದು ಆ್ಯಪಿಗೆ ಹಾಕುವ ಕೆಲಸ. ಮೂರು ವಾರ ಊರೂರು ತಿರುಗಿದರು. ಬಿಡುವು ಸಿಕ್ಕಾಗಲೆಲ್ಲ ಅವನ ಫೋನು ಮೆಲ್ಲಗೆ ಅವಳ ಕಡೆ ತಿರುಗುತ್ತಿತ್ತು.

“ಒಂದ ಫೋಟೋ.”

“ಬ್ಯಾಡ.”

“ಇಡೀ ತಾಲೂಕಿನ ಅಜ್ಜಿಗೋಳ ಫೋಟೋ ತಗದೀನಿ. ನಿಂದೊಂದ ಇಲ್ಲ.”

“ನಾನೂ ಅಜ್ಜಿ ಆದಮ್ಯಾಲೆ ತಗಿ.”

“ಅಲ್ಲೀತನಕ ನಿನ್ನ ಹಿಂದ ತಿರಗಲೇನು?”

ಅವಳು ಫೈಲಿನೊಳಗೆ ಮುಖ ಹುದುಗಿಸಿದಳು. ಅವನು ಇನ್ನೂ ನೋಡುತ್ತಿದ್ದಾನೆಂದು ತಲೆ ಎತ್ತದೆಯೇ ಗೊತ್ತಾಗುತ್ತಿತ್ತು.

ಹೇಳಬೇಕಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ದಿನ ದೂಡಿದಳು. ಅನಿಲಕುಮಾರನ ಹೆಂಡತಿಯಾಗಿದ್ದು ಏಳು ತಿಂಗಳು. ಬೈಕು ಲಾರಿಗೆ ಬಡಿದು ಅವನು ಹೋಗಿ ಎರಡು ವರ್ಷ. ಹಣೆಗೆ ಬೊಟ್ಟು ಇಡಿಸಿ ಮತ್ತೆ ಕಾಲೇಜಿಗೆ ಕಳಿಸಿದವಳು ಅವ್ವ ತಿಪ್ಪವ್ವ. ಊರಲ್ಲಿ ಯಾರು ಎದುರಾದರೂ ‘ಪಾಪ’ ಎಂದೇ ಮಾತು ಶುರು. ಆ ಒಂದು ಶಬ್ದ ಇವನ ಬಾಯಿಂದ ಮಾತ್ರ ಬರಬಾರದು, ಅಷ್ಟೇ ಅವಳ ಆಸೆ.

ನಾಲ್ಕನೆಯ ವಾರ ಮುಶಿಗೇರಿಯ ಪಟ್ಟಿ ಬಂತು.

“ಸರ್, ಈ ಊರು ಬ್ಯಾರೇದವ್ರಿಗೆ ಕೊಡ್ರಿ.”

“ನಿಮ್ಮೂರ ಅಲ್ಲೇನವಾ? ಮನಿ ಗುರ್ತ ಇರತಾವ, ಲಗೂ ಮುಗೀತೈತಿ,” ಎಂದರು ಅರ್ಜುನಪ್ಪ.

ಬಸ್ಸಿನಲ್ಲಿ ಸಿದ್ದರಾಮೇಶ ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದ. “ಹನ್ನೆರಡನೇದ್ದ ನೋಡಿಲ್ಲೆ. ನಿನ್ನ ಹೆಸರಿನಾಕೀನ. ವಯಸ್ಸು ಬರೇ ಇಪ್ಪತ್ಮೂರು. ವಿಧವಾ ವೇತನ.” ನಾಲಿಗೆ ಲೊಚಗುಟ್ಟಿದ. “ಪಾಪ. ಗುರ್ತೈತೇನು ನಿನಗ?”

“ಐತಿ,” ಎಂದಳು ಮೇಘಾ. ಮುಂದೆ ಊರು ಬರುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಹನ್ನೊಂದು ಮನೆಗಳಲ್ಲಿ ಅವನು ಕೇಳಿದ, ಅವಳು ಬರೆದಳು. ಹನ್ನೆರಡನೆಯ ಮನೆಯ ಮುಂದೆ ಅವಳು ಪಟ್ಟಿಯನ್ನು ಅವನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಹೊಸ್ತಿಲ ಒಳಗೆ ಹೋಗಿ ಅವನ ಕಡೆ ತಿರುಗಿ ನಿಂತಳು.

“ಕೇಳ್ರಿ.”

ಅವನು ನಕ್ಕ. ಆಮೇಲೆ ಪಟ್ಟಿ ನೋಡಿದ, ಅವಳನ್ನು ನೋಡಿದ. ನಗು ಎಲ್ಲಿ ಹೋಯಿತೋ.

“ಮೇಘಾ…”

“ಮೊದಲನೇ ಪ್ರಶ್ನೆ ಅದ. ಹೌದ್ರಿ, ನಾನ ಮೇಘಾ. ಮುಂದಿಂದ ಕೇಳ್ರಿ.”

ಉಳಿದ ಮನೆಗಳಲ್ಲಿ ಪಟಪಟನೆ ಉದುರಿದ ಪ್ರಶ್ನೆಗಳನ್ನು ಈಗ ಒಂದೊಂದಾಗಿ ಓದಿದ. ನಾಲ್ಕನೆಯದನ್ನು ನೆಲ ನೋಡುತ್ತ ಕೇಳಿದ. “ಮರುಮದುವಿ ಆಗೇತೇನ್ರಿ?”

“ಇಲ್ರಿ.”

ಅವನು ಗುರುತು ಹಾಕಿ ಫೋನು ಎತ್ತಿದ. ಮೂರು ವಾರ ಬೇಡವೆಂದ ಫೋಟೋಗೆ ಅವಳು ನೆಟ್ಟಗೆ ನಿಂತು ಮುಖ ಕೊಟ್ಟಳು. ಫೋಟೋ ಆ್ಯಪಿಗೆ ಹೋಯಿತು. ಹೋದ ಮೇಲೆ ಅದು ಫೋನಿನಲ್ಲಿ ಉಳಿಯುವುದಿಲ್ಲ, ಇಬ್ಬರಿಗೂ ಗೊತ್ತು.

“ಯಾಕ ಹೇಳಲಿಲ್ಲ?”

“ಬಸ್ಸಿನ್ಯಾಗ ನೀ ‘ಪಾಪ’ ಅಂದಿಯಲ್ಲ, ಅದನ್ನ ನಿನ್ನ ಬಾಯಾಗ ಕೇಳಬಾರದಂತ.” ಅವಳ ದನಿ ಒಡೆಯಿತು. “ನೀ ನನಗ ಭಾಳ ಬೇಕಾಗಿದ್ದಿ, ಸಿದ್ದು. ಈಗ ನಿನ್ನ ಸ್ವಂತಕ್ಕ ಒಂದ ಫೋಟೋ ತಕ್ಕೊ. ಬ್ಯಾಡ ಅನ್ನೂದಿಲ್ಲ.”

ಅವನು ಫೋನು ಎತ್ತಿದ. ಬಹಳ ಹೊತ್ತು ಹಿಡಿದ. ನಂತರ ಇಳಿಸಿದ.

“ಇವತ್ತ ಬ್ಯಾಡ. ನನಗೂ ನೀ ಬೇಕು, ಖರೇ. ಆದ್ರ ಇವತ್ತ ನನ್ನ ಕಣ್ಣಾಗ ಬರೇ ಪಾಪಾನ ಐತಿ. ಅದು ಹೋದ್ರ ಬರತೀನಿ.”

“ಹೋಗಲಿಲ್ಲಂದ್ರ?”

ಅವನು ಪಟ್ಟಿ ಮಡಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಒಬ್ಬನೇ ನಡೆದ. ಸುಳ್ಳು ಹೇಳಿ ಸಮಾಧಾನ ಮಾಡಲಾರದ ಹುಡುಗನೆಂದೇ ಅವನನ್ನು ಮೆಚ್ಚಿದ್ದಳು. ಆ ಖರೇ ಮಾತು ತನ್ನನ್ನೇ ಇಷ್ಟು ಸುಟ್ಟೀತೆಂದು ಎಣಿಸಿರಲಿಲ್ಲ. ತಿರುವಿನಲ್ಲಿ ಅವನು ಮರೆಯಾಗುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ.

ಹಿತ್ತಲಿಂದ ತಿಪ್ಪವ್ವ ಕೂಗಿದಳು. “ಯಾರ ಬಂದಿದ್ರವಾ?”

ಮೇಘಾ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು.

“ಸರಕಾರದವರು ಬೇ ಯವ್ವ. ವಿಧವಾ ವೇತನದ್ದ ಕೇಳಾಕ.”