ಅರ್ಧ ಗಂಟೆಗೊಂದು ಸುತ್ತು

ಮೊದಲ ಭೇಟಿಯಲ್ಲೇ ಅವಳು ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ್ದಳು. ಪ್ರೀತಿಯಿಂದಂತೂ ಅಲ್ಲ.

ಅವತ್ತು ಎಮರ್ಜೆನ್ಸಿಯಲ್ಲಿ ಇಪ್ಪತ್ತು ಮಂಚಕ್ಕೆ ಐವತ್ತೆಂಟು ರೋಗಿಗಳಿದ್ದರು. ಹೊರಗಿನ ಹಾಲ್‌ನಲ್ಲಿ ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳದಷ್ಟು ಜನ. ಯಾರೋ ಎಸೆದ ಸ್ಟೀಲ್ ಫ್ಲಾಸ್ಕ್ ಅವಳ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. ತಿರುಗಿ ನೋಡಿದರೆ ಒಬ್ಬ ಆಸಾಮಿ ಗೋಡೆಗೆ ಒರಗಿ ನಿಂತು ಪುಸ್ತಕದಲ್ಲಿ ಆರಾಮಾಗಿ ಬರೆದುಕೊಳ್ಳುತ್ತಿದ್ದಾನೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಹೊಡೆಯೋದೂ ಹೊಡೆದು, ನಿಂತು ಕಥೆ ಬೇರೆ ಬರೀತೀರಾ?"

"ಸಿಸ್ಟರ್, ಎಸೆದದ್ದು ನಾನಲ್ಲ. ಕಾಲರ್ ಬಿಟ್ರೆ ಕಾರ್ಡ್ ತೋರಿಸ್ತೀನಿ. ನಾನೂ ನರ್ಸೇ."

ಕಾರ್ಡ್ ನಿಜವಾಗಿತ್ತು. ನರ್ಸಿಂಗ್ ಕಾಲೇಜಿನಿಂದ ಅಧ್ಯಯನಕ್ಕೆ ಬಂದವನು. ಅವಳು ಕೈ ಬಿಟ್ಟಾಗ ಅವನ ಶರ್ಟಿನ ಗುಂಡಿಯೊಂದು ಕಿತ್ತು ನೆಲದ ಮೇಲೆ ಉರುಳಿತು. ಅವನು ಬಗ್ಗಿ ಹುಡುಕುತ್ತಾ ನಕ್ಕ. ಕ್ಷಮೆ ಕೇಳಬೇಕೆಂದು ಅವಳಿಗೂ ಅನ್ನಿಸಿತು. ಕೇಳಲಿಲ್ಲ.

ಯಾರು ಮೊದಲು ಒಳಗೆ ಹೋಗಬೇಕು, ಯಾರು ಕಾಯಬೇಕು ಎಂದು ಬಾಗಿಲಲ್ಲೇ ತೀರ್ಮಾನಿಸುವುದು ಅವಳ ಕೆಲಸ. ಕೈಗೆ ಕೆಂಪು ಪಟ್ಟಿ ಕಟ್ಟಿದರೆ ಈಗಲೇ, ಹಳದಿಯಾದರೆ ಸ್ವಲ್ಪ ತಡೆದು, ಹಸಿರಾದರೆ ದೇವರು ಕಣ್ಣು ಬಿಟ್ಟಾಗ. ಎಂಟು ವರ್ಷ ಹೀಗೆ ಪಟ್ಟಿ ಕಟ್ಟಿದ್ದಕ್ಕೆ ಸಿಕ್ಕ ಬಹುಮಾನ ಒಂದು ಸಲ ಮುರಿದ ಮೂಗು, ಮಡಚಲಾಗದ ಒಂದು ಕಿರುಬೆರಳು ಮತ್ತು ಬೆಂಕಿ ಸಿಸ್ಟರ್ ಎಂಬ ಹೆಸರು.

ಅವನದು ಬೇರೆಯೇ ಹುಚ್ಚು. ಅರ್ಧ ಗಂಟೆಗೊಮ್ಮೆ ಹಾಲ್‌ನಲ್ಲಿ ಒಂದು ಸುತ್ತು ಹಾಕಿ, ಪ್ರತಿಯೊಬ್ಬರ ಮುಂದೆ ಕುಕ್ಕರಗಾಲಲ್ಲಿ ಕೂತು, ಏನಾಗುತ್ತಿದೆ, ಯಾಕೆ ತಡ ಎಂದು ಹೇಳುವುದು. ನೋವು ಹೆಚ್ಚಿದೆಯೇ ಎಂದು ನೋಡುವುದು. ಮನೆಗೆ ಹೋಗುವಾಗ ಒಂದು ಫಾರ್ಮ್ ಕೊಟ್ಟು, ನಮ್ಮ ಆರೈಕೆ ತೃಪ್ತಿ ತಂದಿತೇ ಎಂದು ಕೇಳುವುದು. ಎರಡೇ ದಿನದಲ್ಲಿ ಅವಳು ಅವನಿಗೆ ಗಡಿಯಾರ ಎಂದು ಹೆಸರಿಟ್ಟಳು.

"ಮೂಳೆ ಮುರ್ಕೊಂಡು ಬಂದವರಿಗೆ ತೃಪ್ತಿ ಆಯ್ತಾ ಅಂತ ಕೇಳ್ತೀರಲ್ಲ ಬ್ರದರ್, ನಿಮಗೇನಾದ್ರೂ ತಲೆ ಕೆಟ್ಟಿದೆಯಾ?"

"ಕಾಯೋದಕ್ಕೆ ಜನ ಅಷ್ಟು ರೇಗಲ್ಲ ಸಿಸ್ಟರ್. ಯಾಕೆ ಕಾಯ್ತಿದ್ದೀವಿ ಅಂತ ಗೊತ್ತಾಗದೆ ಇದ್ದಾಗ ರೇಗ್ತಾರೆ. ಬೇರೆ ಕಡೆ ಹೀಗೆ ಮಾಡಿ ನೋಡಿದಾರೆ, ಹೊಡೆದಾಟ ಕಮ್ಮಿ ಆಗಿದೆ."

"ಬೇರೆ ಕಡೆಯವರು ಇಲ್ಲಿ ಬಂದು ಒಂದು ಏಟು ತಿಂದು ನೋಡ್ಲಿ. ಒಂದು ಮಾತು ಕೇಳಿ, ಯಾರಿಗೂ ಇಷ್ಟು ನಿಮಿಷ ಅಂತ ಮಾತ್ರ ಹೇಳ್ಬೇಡಿ."

ಅವನು ತಲೆಯಾಡಿಸಿದ. ತಲೆಯಾಡಿಸುತ್ತಾ ಅವಳ ಮುಖವನ್ನು ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚಿಗೆ ನೋಡಿದ.

ಆರು ವಾರ ಕಳೆಯಿತು. ಹಾಲ್‌ನಲ್ಲಿ ಬೈಗುಳ ಕಡಿಮೆಯಾದದ್ದು ಅವಳ ಕಿವಿಗೆ ಗೊತ್ತಾಗುತ್ತಿತ್ತು; ಬಾಯಿ ಮಾತ್ರ ಒಪ್ಪಲಿಲ್ಲ. ಸುತ್ತು ಮುಗಿಸಿ ಬರುವಾಗ ಬಾಗಿಲಿನ ಗಾಜಿನಾಚೆಯಿಂದ ಅವನು ಹುಬ್ಬೆತ್ತಿ 'ನೋಡಿದ್ರಾ?' ಎನ್ನುವಂತೆ ನಗುತ್ತಿದ್ದ. ಅವಳು ತಕ್ಷಣ ಕಣ್ಣು ತಿರುಗಿಸಿ ಯಾರಿಗಾದರೂ ಬಿಪಿ ನೋಡುತ್ತಿದ್ದಳು. ಒಮ್ಮೆ ಒಬ್ಬ ಅಜ್ಜನಿಗೆ ಬಿಪಿ ನೋಡುತ್ತಾ, ಕಣ್ಣು ಮತ್ತೆ ಗಾಜಿನಾಚೆ ಹೋಗಿ ಮೈಮರೆತು, ಬಿಪಿ ಪಟ್ಟಿಗೆ ಗಾಳಿ ಒತ್ತುತ್ತಲೇ ಇದ್ದಳು.

"ಅಯ್ಯೋ ತಾಯಿ, ಕೈ ಕಿತ್ತು ಬರತ್ತೆ, ಬಿಡಿ!" ಎಂದು ಅಜ್ಜ ಕೂಗಿಕೊಂಡಾಗ ಇಡೀ ಹಾಲ್ ನಕ್ಕಿತು. ಅವಳ ಮುಖ ಕೆಂಪಾಯಿತು. ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದು ಕರೆಯಬೇಕಾದ ಕೆಲಸದಲ್ಲಿ ಪ್ರೀತಿಯನ್ನು ಶುರು ಮಾಡುವುದಾದರೂ ಹೇಗೆ?

ಆಮೇಲೆ ಆ ದಿನ ಬಂತು.

ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಮಗ ಹೊಟ್ಟೆನೋವಿನ ಅಪ್ಪನನ್ನು ಎತ್ತಿಕೊಂಡು ಬಂದ. ಅವಳು ಹಳದಿ ಪಟ್ಟಿ ಕಟ್ಟಿದಳು. ಮಗ ಗಡಿಯಾರನ ಕೈ ಹಿಡಿದು ಅಂಗಲಾಚಿದ. ಅವನಿಗೆ ಕರುಳು ಚುರುಕ್ಕೆಂದಿತೇನೋ, "ನಲವತ್ತು ನಿಮಿಷ, ಅಷ್ಟೇ" ಎಂದುಬಿಟ್ಟ.

ಹದಿನೈದು ನಿಮಿಷದಲ್ಲಿ ಬಸ್ಸು, ಲಾರಿ ಡಿಕ್ಕಿಯಾಗಿ ಹದಿನೇಳು ಜನ ಒಟ್ಟಿಗೆ ಬಂದರು. ನೆಲವೆಲ್ಲ ರಕ್ತ. ಕೆಂಪು ಪಟ್ಟಿಯ ಸುರುಳಿ ಖಾಲಿಯಾಯಿತು. ಕೈಗಳು ಸಾಲದೆ ಗಡಿಯಾರನನ್ನೂ ಒಳಗೆ ಕರೆದರು. ಅವನು ಮಂಡಿಯೂರಿ, ಉಸಿರು ನಿಂತ ಒಬ್ಬ ಹುಡುಗಿಯ ಎದೆ ಒತ್ತುತ್ತಾ ಕೂತ. ಹನ್ನೊಂದೂವರೆಯ ಸುತ್ತು ತಪ್ಪಿತು. ಹನ್ನೆರಡರದೂ ತಪ್ಪಿತು. ಎರಡು ಸಲವೂ ಅವಳು ಗಂಟೆ ನೋಡಿದಳು. ಹೊಸಬರು ಬರುವುದು ನಿಂತು ಐದು ನಿಮಿಷ ಬಿಡುವೂ ಸಿಕ್ಕಿತ್ತು. ಸುತ್ತು ಹಾಕುವುದು ತನ್ನ ಕೆಲಸವಲ್ಲ ಎಂದುಕೊಂಡಳು.

ಹನ್ನೆರಡೂ ಹತ್ತಕ್ಕೆ ಗಾಜು ಒಡೆಯಿತು.

ಮಗನ ಕೈಯಲ್ಲಿ ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡ್ ಇತ್ತು. "ಆಮೇಲೆ ಬಂದವರೆಲ್ಲ ಒಳಗೆ! ನಮ್ಮಪ್ಪ ಏನು ನಾಯೀನಾ?" ಅವನ ಹಿಂದೆ ಇಪ್ಪತ್ತು ಜನ ನುಗ್ಗಿದರು. ಗಡಿಯಾರ ಒಳಗಿನಿಂದ ಓಡಿ ಬಂದ, ರಕ್ತದ ಗ್ಲೌಸಿನ ಕೈ ಎತ್ತಿ, "ಹೇಳ್ತೀನಿ, ಕೇಳಿ" ಎಂದ. ಮೊದಲ ಏಟು ಹಣೆಗೆ ಬಿತ್ತು. ಎರಡನೆಯದು ಭುಜಕ್ಕೆ. ಬಿದ್ದವನನ್ನು ಬೂಟುಕಾಲುಗಳು ತುಳಿದವು. ಪಕ್ಕೆಲುಬು ಲಟಕ್ಕೆಂದದ್ದು ಅವಳಿಗೆ ಕೇಳಿಸಿತು.

ಅವಳು ಖಾಲಿ ಸ್ಟ್ರೆಚರ್ ಹಿಡಿದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಗುಂಪಿನೊಳಕ್ಕೆ ನೂಕಿದಳು. ಒಬ್ಬ ಬಿದ್ದ, ಇನ್ನೊಬ್ಬ ಹಾರಿದ. ಕಬ್ಬಿಣದ ಅಂಚು ಮಗನ ಮೊಣಕಾಲಿಗೆ ಬಡಿದು ಅವನು ಕುಸಿದ. ಅವಳು ಅವನೆದೆಯ ಮೇಲೆ ಮಂಡಿಯೂರಿ ಸ್ಟ್ಯಾಂಡ್ ಕಿತ್ತುಕೊಂಡು ಎತ್ತಿದಳು.

"ಬಡೀರಿ!" ಅವನು ಅಳುತ್ತಿದ್ದ. "ನಲವತ್ತು ನಿಮಿಷ ಅಂದ್ರು. ಆಮೇಲೆ ಒಬ್ಬರೂ ಇತ್ತ ತಲೆ ಹಾಕ್ಲಿಲ್ಲ. ಅಪ್ಪನ ಹೊಟ್ಟೆ ಕಲ್ಲಾಗಿದೆ, ಯಾರಿಗೆ ಹೇಳ್ಲಿ?"

ಅವಳ ಕೈ ಗಾಳಿಯಲ್ಲೇ ನಿಂತಿತು. ಎದ್ದು ಹೋಗಿ ಮುದುಕನ ಹೊಟ್ಟೆ ಮುಟ್ಟಿದಳು. ಹಲಗೆಯ ಹಾಗೆ ಗಟ್ಟಿಯಾಗಿತ್ತು. "ಇವರನ್ನ ಒಳಗೆ ತಗೊಳ್ಳಿ, ಈಗ್ಲೇ!" ಎಂದು ಕಿರುಚಿದಳು. ಆಪರೇಷನ್ ಆಗಿ ಮುದುಕ ಬದುಕಿಕೊಂಡ. ಮಗನನ್ನು ಪೊಲೀಸರು ಕರೆದೊಯ್ದರು.

ಮಧ್ಯಾಹ್ನ ಸೂಪರಿಂಟೆಂಡೆಂಟ್ ಮೇಡಂ ಅವಳ ಮುಂದೆ ಕಾಗದ ಇಟ್ಟರು.

"ಇದೆಲ್ಲ ಆ ಸುತ್ತಿನಿಂದಾನೇ ಆಗಿದ್ದು ಅಂತ ಬರೆದುಕೊಡಮ್ಮ. ನಾಳೆಯಿಂದ ಅಧ್ಯಯನ ಬಂದ್. ಅವನು ಕಾಲೇಜಿಗೆ ವಾಪಸ್. ಹಾಲ್‌ಗೆ ಕಬ್ಬಿಣದ ಜಾಲರಿ ಹಾಕ್ಸಿಬಿಡ್ತೀನಿ."

ಹಾಗೆ ಬರೆದರೆ ಅವನ ಜೀವ ಉಳಿಯುತ್ತದೆ. ಎಲ್ಲೋ ಒಂದು ತರಗತಿಯಲ್ಲಿ ಪಾಠ ಮಾಡಿಕೊಂಡು ಎರಡು ಕಣ್ಣು, ಇಡೀ ತಲೆಬುರುಡೆ ಇಟ್ಟುಕೊಂಡು ಬದುಕುತ್ತಾನೆ. ಅವಳಿಗೆ ಅವನು ಬೇಕಾಗಿದ್ದ. ತನ್ನ ಹತ್ತಿರ ಇರದಿದ್ದರೂ ಸರಿ, ಜೀವಂತ ಬೇಕಾಗಿದ್ದ. ಎರಡು ಸಲ ಹಾಗೇ ಬರೆದಳು, ಎರಡು ಸಲ ಹರಿದಳು. ಮೂರನೆಯ ಕಾಗದ ಹಿಡಿದು ಡ್ರೆಸ್ಸಿಂಗ್ ರೂಮಿಗೆ ಬಂದಳು.

ಅವನ ಹುಬ್ಬಿನ ಮೇಲೆ ಒಂಬತ್ತು ಹೊಲಿಗೆ. ಎದೆಗೆ ಬ್ಯಾಂಡೇಜು.

"ನನ್ನನ್ನ ಕಳಿಸ್ತಿದ್ದೀರಾ ಸಿಸ್ಟರ್?"

ಅವಳು ಕಾಗದ ನೋಡಿ ಓದಿದಳು. "ಹನ್ನೊಂದೂವರೆ ಮತ್ತು ಹನ್ನೆರಡರ ಸುತ್ತು ನಡೆಯಲಿಲ್ಲ. ಅದು ನನಗೆ ಗೊತ್ತಿತ್ತು. ನಾನು ಹೋಗಬಹುದಿತ್ತು, ಹೋಗಲಿಲ್ಲ. ಹೋಗಿದ್ದರೆ ರೋಗಿಯ ಸ್ಥಿತಿ ಕೆಡುತ್ತಿರುವುದು ತಿಳಿಯುತ್ತಿತ್ತು. ಸುತ್ತು ತಪ್ಪದೆ ನಡೆದ ಆರು ವಾರದಲ್ಲಿ ಒಂದೂ ಹಲ್ಲೆ ಆಗಿಲ್ಲ."

"ನಿಮಗೆ ಮೆಮೊ ಕೊಡ್ತಾರೆ."

"ಕೊಡ್ಲಿ. ಉಪ್ಪಿನಕಾಯಿ ಹಾಕ್ಕೋತೀನಿ."

"ನಿಮಿಷ ಹೇಳ್ಬೇಡಿ ಅಂದಿದ್ರಿ. ತಪ್ಪು ನನ್ನದೂ ಇದೆ."

"ಇದೆ! ನಿನಗೆ ಬುದ್ಧಿ ಬೇಡ್ವಾ?" ನೀವು ಹೋಗಿ ನೀನು ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. "ಆ ಕಬ್ಬಿಣ ಒಂದು ಬೆರಳು ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು! ನೀನು ಬಿದ್ದಾಗ ಅವನನ್ನ ಕೊಂದೇಬಿಡ್ತಿದ್ದೆ ನಾನು. ಎಂಟು ವರ್ಷ ಏಟು ತಿಂದಿದ್ದೀನಿ, ಯಾರನ್ನೂ ಕೊಲ್ಲಬೇಕು ಅನ್ನಿಸಿರ್ಲಿಲ್ಲ. ಅಷ್ಟು ಇಷ್ಟ ನೀನು ನನಗೆ. ನನಗೇ ಹೆದರಿಕೆ ಆಗೋಷ್ಟು." ಬಿಕ್ಕಳಿಸಿದಳು.

ಅವನು ನಗಲು ಹೋಗಿ, ಪಕ್ಕೆ ನೋವಾಗಿ, ಅವಳ ಕೈ ಹಿಡಿದುಕೊಂಡ. "ನನಗೆ ಬೇಕಾದಷ್ಟು ಫಾರ್ಮು ಎರಡು ವಾರದ ಹಿಂದೆಯೇ ತುಂಬಿತ್ತು. ಕಾಲೇಜಿಗೆ ಇನ್ನೂ ಸಾಲದು ಅಂತ ಸುಳ್ಳು ಹೇಳಿದೆ. ನಿನ್ನ ಬಿಟ್ಟು ಹೋಗೋಕೆ ಆಗ್ಲಿಲ್ಲ."

"ಕಳ್ಳ!" ಎಂದಳು. ಕೈ ಬಿಡಿಸಿಕೊಳ್ಳಲಿಲ್ಲ.

ಹಾಲ್ ಕಡೆಯಿಂದ ಕೂಗಾಟ ಏಳತೊಡಗಿತು. ಏನೋ ದಡಾರನೆ ಬಿತ್ತು. ಅವನು ಎದ್ದು ಕೂರಲು ನೋಡಿದ.

"ಮಂಚ ಇಳಿದ್ರೆ ಕಾಲು ಮುರೀತೀನಿ," ಎಂದು ಅವಳು ಕಣ್ಣೊರೆಸಿಕೊಂಡು ಒಬ್ಬಳೇ ಹೊರಟಳು.

ಗಾಜಿನ ಚೂರುಗಳ ಮೇಲೆ ನಡೆದು ಹಾಲ್‌ಗೆ ಕಾಲಿಟ್ಟಾಗ ಯಾರೋ ಹಿಂದಿನಿಂದ ಅವಳ ತೋಳು ಜಗ್ಗಿದರು. ಮುಷ್ಟಿ ಬಿಗಿದು ತಿರುಗಿದಳು. ಮಗುವನ್ನು ಎದೆಗವಚಿಕೊಂಡ ತಾಯಿ. ಅವಳು ಮುಷ್ಟಿ ಬಿಡಿಸಿ, ಆ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಇನ್ನೂ ಹೊತ್ತಾಗತ್ತಮ್ಮ. ಯಾಕೆ ಅಂತ ಹೇಳ್ತೀನಿ. ಮೊದಲು ಪಾಪು ಮೈ ಸುಡ್ತಿದೆಯಾ ನೋಡೋಣ."

ಎದ್ದು ನಿಂತಾಗ ಅವನು ಗೋಡೆ ಹಿಡಿದುಕೊಂಡು ಅವಳ ಪಕ್ಕಕ್ಕೆ ಬಂದು ನಿಂತಿದ್ದ. ಅವಳು ಬೈಯಲಿಲ್ಲ. ಅಷ್ಟೂ ಜನರ ಎದುರಿಗೇ ಅವನ ಸೊಂಟ ಬಳಸಿ ಹಿಡಿದು, ಮುಂದಿನ ಕುರ್ಚಿಯಲ್ಲಿ ಕಾಯುತ್ತಿದ್ದವರ ಕಡೆ ನಡೆಸಿಕೊಂಡು ಹೋದಳು.