ಗಣಿಯೊಳಗೆ ಶಿಳ್ಳೆ

ಗಣಿಯಲ್ಲಿ ಕಲ್ಲಿದ್ದಲು ಮುಗಿಯಿತೆಂದು ಅಪ್ಪನಿಗೆ ಹೇಳಿದವನು ಗಣಿಯಾಳು ಓಸ್ತಾಪ್ ಎಂದು ತಿಳಿದ ದಿನದಿಂದ ಸಿಗ್ನೆ ಅವನ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ನಿಲ್ಲಿಸಿದ್ದಳು.

ಅವನೂ ಕಡಿಮೆಯವನಲ್ಲ. ಆ ಕಹಿಯನ್ನು ಕೊನೆಯ ಗುಟುಕಿನವರೆಗೂ ಕುಡಿದು, "ಚಹಾ ದಿನೇ ದಿನೇ ರುಚಿ ಆಗ್ತಿದೆ" ಎಂದು ನಗುತ್ತಿದ್ದ. ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗಿನಿಂದ ಅದಕ್ಕೇ ಕಾಯುತ್ತಿದ್ದುದೂ ನಿಜ.

ಆಲ್ಬರ್ಟಾದ ಆ ಬಯಲಿನಲ್ಲಿ ಅವಳಜ್ಜ ಬಾವಿ ತೋಡಲು ಹೋದಾಗ ನೀರಿನ ಬದಲು ಕಲ್ಲಿದ್ದಲು ಸಿಕ್ಕಿತ್ತು. ನಲವತ್ತು ವರ್ಷಗಳಿಂದ ಸುತ್ತಲಿನ ಒಲೆಗಳೆಲ್ಲ ಉರಿಯುತ್ತಿದ್ದದ್ದು ಅವಳ ತೋರ್ವಿಕ್ ಮನೆತನದ ಗಣಿಯಿಂದಲೇ. ಈಗ ಅಪ್ಪ ಹಾಲ್ವರನ ಎದೆ ಧೂಳಿನಿಂದ ಕೆಟ್ಟಿತ್ತು. ಒಳಗಿಳಿದು ಅಳಿದುಳಿದದ್ದನ್ನು ಅಗೆಯುವವನು ಓಸ್ತಾಪ್ ಒಬ್ಬನೇ. ಕ್ರಿಸ್ಮಸ್ಸಿಗೆ ಗಣಿಯ ಬಾಯಿ ಮುಚ್ಚುತ್ತೇನೆಂದು ಅಪ್ಪ ಸಾರಿಬಿಟ್ಟಿದ್ದ.

"ಕಲ್ಲಿದ್ದಲೂ ಇಲ್ಲ, ಗಂಡುಮಗನೂ ಇಲ್ಲ. ಇನ್ನು ಯಾರಿಗೋಸ್ಕರ?"

"ನಾನು ಸತ್ತಿಲ್ವಲ್ಲ ಅಪ್ಪ!"

"ಹೆಣ್ಣು ಒಳಗಿಳಿದ್ರೆ ಗಣಿ ಕುಸಿಯುತ್ತೆ."

"ಅಜ್ಜಿ ಹಗ್ಗ ಜಗ್ಗಿ ಬುಟ್ಟಿ ಬುಟ್ಟಿ ಮೇಲೆತ್ತಿದ್ಲಲ್ಲ, ಆವಾಗ?"

"ಅವಳು ನಿಂತಿದ್ದು ಮೇಲೆ" ಎಂದು ಅಪ್ಪ ಕೆಮ್ಮುತ್ತ ಎದ್ದುಹೋದ.

ಮರುದಿನ ಓಸ್ತಾಪ್ ಊಟಕ್ಕೆ ಮೇಲೆ ಬಂದಿದ್ದ ಹೊತ್ತಿಗೆ ಸಿಗ್ನೆ ಅಜ್ಜನ ಉಳಿ ಸುತ್ತಿಗೆ ಹಿಡಿದು ಒಳಗಿಳಿದಳು. ಗಣಿಯ ಬಾಯಲ್ಲಿ ಒಂದು ಹಲಗೆ, ಅದರಲ್ಲಿ ಎರಡು ಮೊಳೆ. ಒಳಗೆ ಹೋಗುವವರು ತಮ್ಮ ಹಿತ್ತಾಳೆಯ ಬಿಲ್ಲೆಯನ್ನು ಅಲ್ಲಿ ನೇತುಹಾಕಬೇಕು, ಬರುವಾಗ ತೆಗೆದುಕೊಳ್ಳಬೇಕು. ಅಪ್ಪನಿಗೊಂದು, ಓಸ್ತಾಪನಿಗೊಂದು. ಅವಳಿಗೆ ಇರಲಿಲ್ಲ.

ಕಲ್ಲಿದ್ದಲ ಪದರವು ಬಂಡೆಗೆ ಬಡಿದು ನಿಂತ ಜಾಗಕ್ಕೆ ಬಂದಳು. ಎಲ್ಲರೂ ನೇರಕ್ಕೆ ನೋಡಿ ಕೈಬಿಟ್ಟಿದ್ದರು. ಅವಳು ಮಂಡಿಯೂರಿ ಬುಡದಲ್ಲಿ ಕೆತ್ತಿದಳು. ಮೊಣಕೈಯಾಳ ಬರುವಷ್ಟರಲ್ಲಿ ಉಳಿಯ ಸದ್ದು ಬದಲಾಯಿತು. ಪದರ ಮುಗಿದಿರಲಿಲ್ಲ, ಕೆಳಕ್ಕೆ ಜಾರಿತ್ತು ಅಷ್ಟೆ. ಖುಷಿ ತಡೆಯಲಾರದೆ ಅವಳು ಜೋರಾಗಿ ಶಿಳ್ಳೆ ಹಾಕಿದಳು.

ಯಾರೋ ಓಡಿಬಂದರು. ದೀಪದ ಬೆಳಕಿನಲ್ಲಿ ಓಸ್ತಾಪನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಕೈಯಲ್ಲಿ ಬೆಂಕಿಪೊಟ್ಟಣ.

"ಬುದ್ಧಿ ಇದೆಯೇನೇ ನಿಂಗೆ! ಈ ಗೋಡೆ ಆಚೆ ಸಿಡಿಮದ್ದು ತುಂಬಿ ಕೂತಿದ್ದೆ. ಹಲಗೆ ಮೇಲೆ ನನ್ನ ಬಿಲ್ಲೆ ಒಂದೇ ಇತ್ತು. ಕಡ್ಡಿ ಗೀರಿದ್ದೆ ಸಿಗ್ನೆ, ಗೀರಿದ್ದೆ!"

"ಮತ್ತೆ?"

"ಶಿಳ್ಳೆ ಕೇಳಿಸ್ತು."

"ಗಣಿಯೊಳಗೆ ಶಿಳ್ಳೆ ಹಾಕಿದ್ರೆ ಅಪಶಕುನ ಅಂತ ನೀನೇ ಹೇಳ್ತಿದ್ದೆ" ಎಂದಳು. ಗೇಲಿ ಮಾಡಲು ಹೊರಟ ದನಿ ನಡುಗಿಹೋಯಿತು. ಬೆಂಕಿಪೊಟ್ಟಣವಿದ್ದ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಮುಗೀತು ಅಂದ್ಯಲ್ಲ, ನೋಡಿಲ್ಲಿ. ಕಲ್ಲಿದ್ದಲು ನೋಡು ಅಂದ್ರೆ ನನ್ನ ಮುಖ ನೋಡ್ತೀಯಲ್ಲ?"

"ಮುಖದ ತುಂಬ ಅದೇ ಇದೆ."

ತೋಳಿನಿಂದ ಅವಳ ಕೆನ್ನೆ ಒರೆಸಲು ಹೋಗಿ ಮಸಿಯನ್ನು ಇನ್ನಷ್ಟು ಹರಡಿದ. ಆಮೇಲೆ ಒಂದೇ ಉಸಿರಿನಲ್ಲಿ, "ನನ್ನನ್ನ ಮದುವೆ ಆಗು. ಅಣ್ಣನ ಹೊಲದ ಪಕ್ಕ ಜಾಗ ಇದೆ, ಗೋಧಿ ಬೆಳ್ಕೊಂಡು ಇರೋಣ. ಈ ಗುಹೆ ಸಹವಾಸಾನೇ ಬೇಡ" ಎಂದ.

ಎರಡು ಚಳಿಗಾಲ ಅವಳು ಕಾದಿದ್ದದ್ದು ಈ ಮಾತಿಗೇ. ಆದರೂ ಅವನ ಕೈ ಬಿಟ್ಟಳು.

"ಪ್ರೀತಿ ಇದೆ ಓಸ್ತಾಪ್, ಎದೆ ತುಂಬ ಇದೆ. ಆದ್ರೆ ಹೆದರಿಕೊಂಡು ನನ್ನನ್ನ ಇಲ್ಲಿಂದ ಎತ್ತಿಕೊಂಡು ಹೋಗೋನು ನನಗೆ ಬೇಡ. ನಾನು ಒಳಗಿದೀನಿ ಅಂತ ಗೊತ್ತಾಗ್ಬೇಕು ತಾನೆ? ಹಾಗಾದ್ರೆ ನನಗೊಂದು ಬಿಲ್ಲೆ ಮಾಡಿಕೊಡು."

ಅವನು ಗೋಡೆಯಾಚೆ ತುಂಬಿದ್ದ ಮದ್ದು ತೆಗೆಯಲು ಹೋದ. ಆ ಸಂಜೆ ಚಹಾಕ್ಕೂ ಬರಲಿಲ್ಲ. ಎಲ್ಲವನ್ನೂ ನಾನೇ ಹಾಳುಮಾಡಿಕೊಂಡೆ ಎಂದು ಸಿಗ್ನೆಗೆ ಅಳು ಬಂತು. ಅತ್ತಳು, ಆದರೆ ಮನಸ್ಸು ಬದಲಿಸಲಿಲ್ಲ.

ಬೆಳಗ್ಗೆ ರೈತರ ಏಳು ಗಾಡಿಗಳು ಸಾಲುಗಟ್ಟಿದ್ದವು. ಎಲ್ಲರೆದುರು ಓಸ್ತಾಪ್ ಅವಳ ಅಂಗೈಗೆ ಏನನ್ನೋ ಇಟ್ಟ. ಅವನ ಅಮ್ಮ ಉಕ್ರೇನಿನಿಂದ ತಂದಿದ್ದ ಮೇಣದಬತ್ತಿಯ ಹಿತ್ತಾಳೆ ತಟ್ಟೆಯಿಂದ ಕತ್ತರಿಸಿದ ಬಿಲ್ಲೆ. ಮೊಳೆಯಿಂದ ಚುಚ್ಚಿ ಚುಚ್ಚಿ ಮೂರು ಎಂದು ಬರೆದಿದ್ದ. ಅಂಚು ಇನ್ನೂ ಒರಟಾಗಿತ್ತು.

ಗಾಡಿಯ ಮೇಲಿಂದ ಮುದುಕ ತ್ಯೋಸ್ತಾಲ್ ಕೂಗಿದ. "ಹಾಲ್ವರ್, ಆ ಹುಡುಗಿ ಒಳಗಿಳಿದ್ರೆ ನಾನು ಗಾಡಿ ತಿರುಗಿಸ್ತೀನಿ ನೋಡು!"

"ಧಾರಾಳವಾಗಿ ತಿರುಗಿಸಿ ಮಾವ" ಎಂದಳು ಸಿಗ್ನೆ. "ಒಲೆ ತಣ್ಣಗಾದ ದಿನ ಬನ್ನಿ. ಸಾಲಿನ ಕೊನೇಲಿ ನಿಲ್ಲಿಸ್ತೀನಿ."

ಗಾಡಿಗಳ ಸಾಲು ನಕ್ಕಿತು. ಅಪ್ಪ ನಗಲಿಲ್ಲ. ನಿನ್ನೆ ಅವಳು ತಂದುಕೊಟ್ಟ ಕಲ್ಲಿದ್ದಲ ತುಂಡು ಇನ್ನೂ ಅವನ ಮುಷ್ಟಿಯಲ್ಲಿತ್ತು. ಅದನ್ನು ನೋಡಿದ, ಹಲಗೆಯನ್ನು ನೋಡಿದ.

"ಮೂರನೇ ಮೊಳೆ ಇಲ್ಲವಲ್ಲ" ಎಂದ ಕೊನೆಗೆ. ಜೇಬಿನಿಂದ ಒಂದು ಮೊಳೆ ತೆಗೆದು ಅವಳ ಕೈಗಿಟ್ಟ. "ನೀನೇ ಹೊಡ್ಕೋ."

ಅಜ್ಜನ ಸುತ್ತಿಗೆಯಿಂದ ನಾಲ್ಕೇ ಏಟಿಗೆ ಹೊಡೆದಳು. ಓಸ್ತಾಪನ ಬಿಲ್ಲೆಯ ಪಕ್ಕದಲ್ಲಿ ತನ್ನದನ್ನು ನೇತುಹಾಕಿದಳು.

ಗಣಿಯೊಳಗೆ ಹತ್ತು ಹೆಜ್ಜೆ ಇಡುವವರೆಗೂ ಓಸ್ತಾಪ್ ತಡೆದುಕೊಂಡ. "ನಿನ್ನೆ ಕೇಳಿದ್ದಕ್ಕೆ ಉತ್ತರ?"

"ಇನ್ಮೇಲೆ ನಾನೂ ದುಡಿದು ಬರೋಳು. ಚಹಾ ಒಂದು ದಿನ ನೀನು ಮಾಡ್ಬೇಕು, ಒಂದು ದಿನ ನಾನು" ಎಂದಳು. "ಸಾಯೋವರೆಗೂ. ನನಗೆ ಎರಡು ಚಮಚ ಸಕ್ಕರೆ."

ಒಳಗಿನಿಂದ ತೇಲಿಬಂದ ಶಿಳ್ಳೆ ಕೇಳಿ ತ್ಯೋಸ್ತಾಲ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಈ ಸಲ ಶಿಳ್ಳೆ ಹಾಕಿದವನು ಓಸ್ತಾಪ್. ಗಾಡಿಯನ್ನು ಯಾರೂ ತಿರುಗಿಸಲಿಲ್ಲ.